ಡೋಲು ಬಾರದವನ ಜಾಗ

ಹೋದ ವರ್ಷ ನಮ್ಮ ಆದಿತ್ಯವಾರಗಳೆಲ್ಲ ಜಾಗ ನೋಡುವುದರಲ್ಲೇ ಕಳೆದವು. ಉಳಿದವರು ಮದುವೆ ಊಟಕ್ಕೆ ಹೋಗುತ್ತಾರೆ, ಕಡಲ ಬದಿಗೆ ಹೋಗುತ್ತಾರೆ. ನಾನೂ ಪಾಂಡುವೂ ಸ್ಕೂಟರ್ ಹತ್ತಿ ಬ್ರಹ್ಮಾವರದಿಂದ ಶಿರೂರಿನವರೆಗೆ ಊರೂರು ತಿರುಗಿದೆವು. ನಮಗೆ ಬೇಕಿದ್ದದ್ದು ಬಹಳವೇನಲ್ಲ. ಇಪ್ಪತ್ತು ಸೆಂಟ್ಸ್ ನೆಲ, ಬೇಸಿಗೆಯಲ್ಲಿ ಬತ್ತದ ಒಂದು ಬಾವಿ, ಬೆಳಗಿನ ಬಿಸಿಲು. ಸೇವಂತಿಗೆ ಬೆಳೆಯಬೇಕು, ನಾಲ್ಕು ಕೋಳಿ ಸಾಕಬೇಕು, ಮೂಲೆಯಲ್ಲೊಂದು ಮನೆ ಕಟ್ಟಿಕೊಳ್ಳಬೇಕು. ಅಷ್ಟೇ.

ನಾನು ಪುಷ್ಪ. ಹೆಮ್ಮಾಡಿಯಲ್ಲಿ ಬೇರೆಯವರ ಗದ್ದೆಯ ಸೇವಂತಿಗೆಗೆ ನೀರು ಹೊರುವುದು ನನ್ನ ಕೆಲಸ. ಎರಡು ಕೈಯಲ್ಲಿ ಎರಡು ಕೊಡ. ಸಾಲಿನ ಆ ತುದಿಯಿಂದ ಈ ತುದಿ. ಹೂ ಕೊಯ್ಯುವ ತಿಂಗಳಲ್ಲಿ ಬಗ್ಗಿದ ಬೆನ್ನು ಸಂಜೆಗೆ ನೆಟ್ಟಗಾಗಬೇಕಾದರೆ ಗೋಡೆ ಹಿಡಿಯಬೇಕು. ಮಕರ ಸಂಕ್ರಮಣಕ್ಕೆ ದೇವರ ಮೈತುಂಬ ಹೂವು, ನನ್ನ ಮೈತುಂಬ ನೋವು. ಗಂಡ ಪಾಂಡು ಜೆಸಿಬಿ ಓಡಿಸುತ್ತಾನೆ. ಅವನು ಸಮತಟ್ಟು ಮಾಡಿಕೊಟ್ಟ ಜಾಗದಲ್ಲಿ ಎಷ್ಟೋ ಮನೆಗಳು ಎದ್ದಿವೆ. ಮನೆ ಒಕ್ಕಲಿನ ಊಟಕ್ಕೆ ಒಬ್ಬರೂ ಕರೆದಿಲ್ಲ. ನಾವು ಕೊರಗರು. ಕಾಲನಿಯಲ್ಲಿ ನಮಗೊಂದು ಮನೆ ಇದೆ, ಅದರೆದುರು ಬಟ್ಟೆ ಒಣಗಿಸುವಷ್ಟು ಅಂಗಳ ಇದೆ. ಅತ್ತೆ ಬಾಗಿ ಅಲ್ಲೇ ಕೂತು ಬುಟ್ಟಿ ನೇಯುತ್ತಿದ್ದರು. ಅವರು ಕಾಲು ಚಾಚಿದರೆ ನನಗೆ ಹೊರಗೆ ಹೋಗಲು ದಾರಿ ಇರುತ್ತಿರಲಿಲ್ಲ.

ಜಾಗ ನೋಡುವುದೂ ಹೆಣ್ಣು ನೋಡುವುದೂ ಒಂದೇ ಎನ್ನುತ್ತಾರೆ. ಸುಳ್ಳು. ಹೆಣ್ಣು ನೋಡಲು ಹೋದವರಿಗೆ ಒಂದು ಪ್ಲೇಟು ಉಪ್ಪಿಟ್ಟಾದರೂ ಸಿಗುತ್ತದೆ.

ಶಿರೂರಿನಲ್ಲಿ ಸಿಕ್ಕಿದ್ದು ಒಳ್ಳೆಯ ಜಾಗ. ಮಾಲಕ ನಗುನಗುತ್ತಾ ಗಡಿ ತೋರಿಸಿದ, ತೆಂಗಿನ ಮರಗಳ ಹೆಸರು ಹೇಳುವುದೊಂದೇ ಬಾಕಿ. ಕೊನೆಗೆ ಕೇಳಿದ.

"ಅಲ್ಲ, ನೀವ್ ಯಾವ ಬದಿಯರ್?"

"ಹೆಮ್ಮಾಡಿ ಬದಿ," ಎಂದ ಪಾಂಡು.

"ಅದಲ್ಲ ಮಾರಾಯ್ರೆ. ಜನ ಯಾವ್ದ್?"

ಹೇಳಿದೆವು. ಅವನ ನಗು ಹಾಗೆಯೇ ಇತ್ತು, ಆದರೆ ಜಾಗ ಹೋಯಿತು. "ನಂಗೇನಿಲ್ಲೆ. ಆದ್ರೆ ಅಣ್ಣ ಮುಂಬೈಯಂಗಿದ್ದ. ಅವ್ನ್ ಬರ್ದೆ ಎಂತ ಹೇಳೂಕೂ ಆತಿಲ್ಲೆ," ಎಂದ. ನಮ್ಮ ಕಡೆ ಎಲ್ಲ ಜಾಗಕ್ಕೂ ಮುಂಬೈಯಲ್ಲಿ ಒಬ್ಬ ಅಣ್ಣ ಇರುತ್ತಾನೆ. ಕೊರಗರು ಕೇಳಿದ ದಿನವೇ ಅವನು ಹುಟ್ಟುತ್ತಾನೆ.

ಬ್ರಹ್ಮಾವರದ ಹತ್ತಿರ ಇನ್ನೊಂದು ಕಡೆ ಪಾಂಡು ಬಾವಿಗೆ ಇಣುಕಿದ. ನೀರು ಎಷ್ಟಿದೆ ನೋಡೋಣ ಎಂದು ಹಗ್ಗಕ್ಕೆ ಕೈ ಹಾಕಿದ. ಮನೆಯಾಕೆ ಒಳಗಿಂದ ಓಡಿ ಬಂದಳು. "ಮುಟ್ಬೇಡಿ, ಮುಟ್ಬೇಡಿ. ಬಾಯಾರಿಕೆ ಆದ್ರೆ ನಾನೇ ಎಳ್ದ್ ಕೊಡ್ತೆ," ಎಂದಳು. ನಾವು ಬಾವಿಯ ನೀರು ಕುಡಿಯಲು ಬಂದದ್ದಲ್ಲ, ಬಾವಿಯನ್ನೇ ಕೊಳ್ಳಲು ಬಂದದ್ದು. ಅದನ್ನು ಹೇಳಿದರೆ ಆಕೆಗೆ ಅರ್ಥವೇ ಆಗಲಿಲ್ಲ. ಮತ್ತೊಂದು ಕಡೆ ಜಾಗದಲ್ಲಿ ನಾಗ ಇದ್ದಾನೆ, ನೀವು ಒಣಮೀನು ಸುಡುವವರು, ಆಗುವುದಿಲ್ಲ ಎಂದರು. ಹೇಳಿದವರ ಅಡುಗೆಮನೆಯಿಂದಲೇ ಬಂಗುಡೆ ಸಾರಿನ ಪರಿಮಳ ಬರುತ್ತಿತ್ತು. ಅವರ ಮೀನನ್ನು ನಾಗ ಕ್ಷಮಿಸುತ್ತಾನೆ ಎಂದು ಕಾಣುತ್ತದೆ.

ಬರುವಾಗ ದಾರಿಯಲ್ಲಿ ಪಾಂಡು ಸ್ಕೂಟರಿನ ಮೇಲೆ ಹಾಡು ಹೇಳುತ್ತಿದ್ದ. ನಾನು ಹಿಂದೆ ಕೂತು ನಗುತ್ತಿದ್ದೆ. ನಗದೆ ಇದ್ದರೆ ಅವತ್ತು ಆ ಬಾವಿಗೆ ಉಗುಳಿಯೇ ಬರುತ್ತಿದ್ದೆ. ಅಷ್ಟು ಸಿಟ್ಟು ಬಂದಿತ್ತು.

ಬಿಜೂರಿನ ಒಳಗಡೆ ಒಂದು ಜಾಗ ಇದೆ ಎಂದು ಬ್ರೋಕರ್ ರತನ್ ಫೋನ್ ಮಾಡಿದ್ದು ಮಳೆಗಾಲದಲ್ಲಿ. "ಪುಷ್ಪಕ್ಕಾ, ಈ ಸಲ ಆತ್ತ್. ಪಾರ್ಟಿ ತುಂಬ ಒಳ್ಳೆಯರ್," ಎಂದ. ಪಾರ್ಟಿ ಎಂದರೆ ಶೇಖರ ಹೆಗ್ಡೆ. ಪುಣೆಯಲ್ಲಿ ಹೋಟೆಲು, ಊರಲ್ಲಿ ಗದ್ದೆ, ಗದ್ದೆಯ ನಡುವೆ ದೊಡ್ಡ ಮನೆ. ಮನೆಯಲ್ಲಿ ತಾಯಿ ಚಂದ್ರಮತಿ ಅಮ್ಮ. ಹೆಗ್ಡೆಯವರದ್ದು ಬಿಳಿ ಅಂಗಿ, ಬಿಳಿ ಪಂಚೆ, ಮಾತು ಬೆಣ್ಣೆ. ಸಮಯ ಉಳಿಯಲಿ ಎಂದು ನಾನೇ ಮೊದಲು ಹೇಳಿಬಿಡುವ ರೂಢಿ ಮಾಡಿಕೊಂಡಿದ್ದೆ.

"ನಾವ್ ಕೊರಗರ್. ಆತ್ತಾ?"

"ಗೊತ್ತಿತ್ತ್, ರತನ್ ಹೇಳ್ದ," ಎಂದರು ಹೆಗ್ಡೆ. "ಅದ್ಕೇ ನಿಮ್ಮನ್ ಕರ್ಸದ್. ಈಗಿನ ಕಾಲದಂಗೆ ಅದೆಲ್ಲ ಎಂತಕ್ಕೆ? ಕೂಕಣಿ, ಚಾ ಕುಡೀನಿ."

ಅಂಗಳದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದರು. ಜಗಲಿಯಲ್ಲಿ ಅಲ್ಲ, ಅಂಗಳದಲ್ಲಿ. ಇರಲಿ, ಕುರ್ಚಿ ಕುರ್ಚಿಯೇ. ಸ್ಟೀಲ್ ಲೋಟದಲ್ಲಿ ಚಾ ಬಂತು. ಪಾಂಡು ನನ್ನ ಮುಖ ನೋಡಿದ, ನಾನು ಪಾಂಡುವಿನ ಮುಖ ನೋಡಿದೆ. "ಅದಕ್ಕೇ ಕರೆಸಿದ್ದು" ಎಂಬ ಮಾತು ಆಗಲೇ ಕಿವಿಗೆ ಚುಚ್ಚಬೇಕಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನನ್ನನ್ನು ಹೆತ್ತ ಅಬ್ಬಿ ಸಾವಿರ ಸಲ ಹೇಳಿದ್ದಳು. ಆದರೆ ಅವತ್ತು ನಾನು ಎಷ್ಟು ಖುಷಿಯಲ್ಲಿದ್ದೆ ಎಂದರೆ, ಚಾಕ್ಕೆ ಸಕ್ಕರೆ ಹಾಕಿಲ್ಲ ಎನ್ನುವುದೂ ಗೊತ್ತಾಗಲಿಲ್ಲ.

ಜಾಗ ಕಂಬಳದ ಗದ್ದೆಯ ಪಕ್ಕದಲ್ಲೇ ಇತ್ತು. ಹೆಗ್ಡೆಯವರ ಮನೆಯವರು ವರ್ಷಕ್ಕೊಮ್ಮೆ ಕೋಣ ಓಡಿಸುವ ದೊಡ್ಡ ಗದ್ದೆ ಅದು. ಅದರ ಅಂಚಿಗೆ ಇಪ್ಪತ್ತು ಸೆಂಟ್ಸ್, ಮೂಡು ದಿಕ್ಕು ಪೂರ್ತಿ ತೆರೆದಿತ್ತು. ಒಂದು ಹಳೆಯ ಬಾವಿ ಇತ್ತು. ಮೂಲೆಯಲ್ಲಿ ಬಿದ್ದುಹೋದ ಗುಡಿಸಲಿನ ಮಣ್ಣಿನ ದಿಬ್ಬ ಇತ್ತು. ಮಣ್ಣು ಕೈಯಲ್ಲಿ ಹಿಡಿದು ಬಿಟ್ಟರೆ ಉದುರುತ್ತಿತ್ತು. ಸೇವಂತಿಗೆಗೆ ಹೇಳಿ ಮಾಡಿಸಿದ್ದು. ಹೆಗ್ಡೆಯವರು ಕರಾರು ಪತ್ರಕ್ಕೆ ಸಹಿ ಹಾಕಿದರು. ನಾವು ಅಡ್ವಾನ್ಸ್ ಕೊಟ್ಟೆವು.

"ರಿಜಿಸ್ಟ್ರಿ ಕಂಬಳ ಕಳ್ದ್ ಮೇಲೆ ಮಾಡುವ," ಎಂದರು. "ಅಲ್ಲಿವರೆಗೆ ಕಾಯ್ಬೇಡಿ. ಶೆಡ್ ಹಾಕ್ಕಣಿ, ಗಿಡ ನೆಡಿ. ನಿಮ್ದೇ ಜಾಗ."

ನಿಮ್ಮದೇ ಜಾಗ! ಆ ಮಾತನ್ನು ನಾನು ಹೆಮ್ಮಾಡಿಯವರೆಗೆ ಬಾಯಲ್ಲಿ ಚಪ್ಪರಿಸಿಕೊಂಡು ಬಂದೆ.

ಮಳೆ ಹಿಂದಾಗುತ್ತಲೇ ಅತ್ತೆಯನ್ನೂ ಕರೆದುಕೊಂಡು ಅಲ್ಲೇ ಇರಲು ಹೋದೆವು. ಶೀಟು, ಟಾರ್ಪಾಲು ಕಟ್ಟಿ ಶೆಡ್ಡು ಎಬ್ಬಿಸಿದೆವು. ಮುಳ್ಳು ಕಡಿದೆವು. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದು ಮತ್ತೆ ಎದ್ದವು. ಕಲ್ಲು ಆರಿಸಿ ತಲೆಯ ಮೇಲೆ ಹೊತ್ತು ಗಡಿಗೆ ಹಾಕಿದೆ. ಪಾಂಡು ಹಗಲಿಡೀ ಯಾರದ್ದೋ ನೆಲ ಅಗೆದು ಬಂದು, ಸಂಜೆ ನಮ್ಮ ಬಾವಿಗೆ ಇಳಿದು ಕೆಸರು ತೆಗೆದ. ಸೊಂಟದವರೆಗೆ ಕಪ್ಪು ಕೆಸರು. ಮೇಲೆ ಬಂದವನನ್ನು ನೋಡಿ ಅತ್ತೆ, "ಕಂಬ್ಳಕ್ಕೆ ಇನ್ನೊಂದ್ ಕೋಣ ತಯಾರಾಯ್ತ್," ಎಂದರು. ಸಾಲು ಮಾಡಿದೆವು. ಒಣಮೀನಿನ ಗೊಬ್ಬರ ಹಾಕಿ ಸಸಿ ನೆಟ್ಟೆವು. ಮತ್ತೆ ಅದೇ ಎರಡು ಕೈ, ಅದೇ ಎರಡು ಕೊಡ. ಆದರೆ ನನ್ನ ಸ್ವಂತ ಗಿಡಕ್ಕೆ ಹೊತ್ತ ನೀರು ಹಗುರ ಎಂದು ನಾನು ಆಣೆ ಮಾಡಿ ಹೇಳುತ್ತೇನೆ. ಬೇಕಾದವರು ಹೊತ್ತು ನೋಡಲಿ.

ಊರವರು ಎಷ್ಟು ಒಳ್ಳೆಯವರು ಎಂದರೆ ನನಗೇ ಅಂಜಿಕೆಯಾಯಿತು. ದಾರಿಯಲ್ಲಿ ಕಂಡವರೆಲ್ಲ ನಿಂತು ಮಾತಾಡುತ್ತಿದ್ದರು. ಒಬ್ಬರು ಬಸಳೆ ಬಳ್ಳಿ ಕೊಟ್ಟರು, ಒಬ್ಬರು ಹಳೆಯ ಬಾಗಿಲು ಕೊಟ್ಟರು. ಹಾಲಿನ ಡೇರಿಯ ಹತ್ತಿರ ಸೀತು ಎಂಬ ಮುದುಕಿ ನನ್ನ ಕೈ ಸವರಿ, "ಅಂತೂ ಬಂದ್ರಲ್ಲ ಹೆಣೇ. ಕಿಟ್ಟ ಹೋದ್ ಮೇಲೆ ಆ ಮೂಲಿ ಖಾಲಿ ಬಿದ್ದಿತ್ತ್," ಎಂದಳು. ಕಿಟ್ಟ ಯಾರು ಎಂದು ಕೇಳಿದೆ. "ಹಿಂದೆ ಅಲ್ಲೇ ಇದ್ದ, ಪಾಪ," ಎಂದಳು. ಯಾರೋ ಹಳೆಯ ಒಕ್ಕಲು ಇರಬೇಕು ಎಂದುಕೊಂಡು ಹಾಲು ತಗೊಂಡು ಬಂದೆ.

ಡಿಸೆಂಬರಿನಲ್ಲಿ ಗಿಡಗಳ ತುಂಬ ಮೊಗ್ಗು ಬಂತು. ಕಂಬಳದ ಹಿಂದಿನ ದಿನ ಹೆಗ್ಡೆಯವರು ಶೆಡ್ಡಿಗೆ ಬಂದರು. ಹಿಂದೆ ಒಬ್ಬ ಆಳು, ಆಳಿನ ಹೆಗಲಲ್ಲಿ ಡೋಲು. ಹೊಸ ಚರ್ಮ ಬಿಗಿಸಿದ್ದರು. ಜತೆಗೆ ಒಂದು ಪಂಚೆ.

"ಪಾಂಡು, ನಾಳೆ ಬೆಳಿಗ್ಗೆ ಬೇಗ ಬಾ," ಎಂದರು. ಅವತ್ತಿನವರೆಗೆ "ಬನ್ನಿ" ಎನ್ನುತ್ತಿದ್ದರು. "ನಮ್ ಮನೆ ಕೋಣ ಗದ್ದೆಗೆ ಇಳೂಕ್ ಮೊದ್ಲ್ ನೀ ಡೋಲ್ ಹೊಡೀತಾ ಗದ್ದೆ ಒಂದ್ ಸುತ್ತ್ ಬರ್ಕ್. ಕಿಟ್ಟ ಬದ್ಕಿಪ್ಪು ತನಕ ಅವ ಮಾಡ್ತಿದ್ದ. ಅವ ಸತ್ ಮೇಲೆ ನಿಂತ್ ಹೋಯ್ತ್. ಆಮೇಲೆ ಮನೇಲಿ ಒಂದಾದ್ ಮೇಲೊಂದ್ ಕಷ್ಟ. ಜೋಯ್ಸರತ್ರ ಪ್ರಶ್ನೆ ಇಡ್ಸಿದ್ರೆ, ಡೋಲ್ ನಿಂತದ್ದೇ ಕಾರಣ ಅಂದೇಳಿ ಬಂತ್. ಡೋಲಿನರ್ ಆ ಮೂಲೀಲಿ ಕೂತ್ರೆ ಸರಿ ಆತ್ತ್ ಅಂಬ್ರ್."

ಆ ಮೂಲೆ. ನಮ್ಮ ಮೂಲೆ. ನಮಗೆ ಜಾಗ ಸಿಕ್ಕಿದ್ದು ಹೇಗೆ ಎಂದು ಆಗ ಗೊತ್ತಾಯಿತು. ಎಲ್ಲ ಊರಲ್ಲೂ ನಮ್ಮ ಜಾತಿ ಕೇಳಿ ಇಲ್ಲ ಎಂದರು. ಇಲ್ಲಿ ನಮ್ಮ ಜಾತಿ ಕೇಳಿಯೇ ಹೌದು ಎಂದರು. ಬಸಳೆ ಬಳ್ಳಿ ಕೊಟ್ಟದ್ದು ನನಗಲ್ಲ, ಸತ್ತ ಕಿಟ್ಟನಿಗೆ.

"ಹೆಗ್ಡ್ರೇ," ಎಂದ ಪಾಂಡು, "ನಂಗ್ ಡೋಲ್ ಬತ್ತಿಲ್ಲೆ."

ಹೆಗ್ಡೆಯವರು ಜೋರಾಗಿ ನಕ್ಕರು. "ಕೊರಗ್ರಿಗೆ ಡೋಲ್ ಬತ್ತಿಲ್ಯಾ? ಮೀನಿಗೆ ಈಜೂಕ್ ಬತ್ತಿಲ್ಲೆ ಅಂದಾಂಗಾಯ್ತ್."

"ಸತ್ಯ ಹೇಳ್ತೆ. ಜೆಸಿಬಿ ಬತ್ತ್. ವಾಲಿಬಾಲ್ ಬತ್ತ್. ಡೋಲ್ ಮುಟ್ಟಿಯೂ ಗೊತ್ತಿಲ್ಲೆ."

"ಹೊಡಿ ಕಾಂಬ."

ಪಾಂಡು ಡೋಲು ಹೆಗಲಿಗೆ ಹಾಕಿಕೊಂಡು ಹೊಡೆದ. ಬಾಗಿಲು ತೆಗೆಯಿರಿ ಎಂದು ಬಡಿದ ಹಾಗೆ ಕೇಳಿತು. ಆಗಷ್ಟೇ ತಂದು ಸಾಕಿದ್ದ ನಮ್ಮ ಕೋಳಿಗಳು ಚದುರಿ ಓಡಿದವು. ನನಗೆ ನಗು ತಡೆಯಲಿಲ್ಲ. ಹೆಗ್ಡೆಯವರು ನಗಲಿಲ್ಲ. "ಆಟ ಆಡ್ಬೇಡ. ರಾತ್ರಿ ಪೂರ್ತಿ ಇತ್ತ್, ಕಲಿ. ಊಟ ಅಲ್ಲೇ. ಎಲ್ರದ್ದೂ ಆದ್ ಮೇಲೆ ಬೇಲಿ ಹತ್ರ ನಿಮ್ಗೆ ಎಲೆ ಹಾಕ್ಸ್ತೆ."

"ಇದ್ ಅಜಲು ಅಲ್ದಾ ಹೆಗ್ಡ್ರೇ?" ಎಂದೆ ನಾನು. ಕೊರಗರಿಂದ ಹೀಗೆ ಚಾಕರಿ ಮಾಡಿಸುವುದಕ್ಕೆ ಅಜಲು ಎನ್ನುತ್ತಾರೆ. ಸರಕಾರ ಅದನ್ನು ನಿಷೇಧಿಸಿ ಇಪ್ಪತ್ತು ವರ್ಷ ದಾಟಿತು. "ಮಾಡ್ಸಿದ್ರೆ ಜೈಲಿತ್ತ್."

"ಅಜಲು ಎಂತಕ್ಕಾತ್ತ್? ನಾ ನಿಮ್ಗೆ ಕೊಡೂ ಮರ್ಯಾದಿ ಅದ್," ಎಂದರು. "ಡೋಲ್ ಆಯ್ಲಿ, ರಿಜಿಸ್ಟ್ರಿ ಮಾಡುವ. ಡೋಲ್ ಇಲ್ದಿರೆ ರಿಜಿಸ್ಟ್ರಿಯೂ ಇಲ್ಲೆ." ಡೋಲನ್ನು ಸಸಿಗಳ ಪಕ್ಕ ಇಡಿಸಿ ಹೋದರು.

ನಾವು ಡೋಲನ್ನು ನೋಡುತ್ತಾ ಕೂತೆವು. ಪಾಂಡು ಮೆಲ್ಲಗೆ ಹೇಳಿದ, "ಒಂದ್ ಸುತ್ತ್ ಅಲ್ದಾ? ಹ್ಯಾಂಗಾರೂ ಬಡ್ದ್ ಬಂದ್ಬಿಡ್ಲಾ? ಜಾಗ ನಮ್ದಾತ್ತ್." ಅವನ ಕಣ್ಣು ಬಾವಿಯ ಮೇಲಿತ್ತು. ನಾನು ಬೈಯಲಿಲ್ಲ. ಸತ್ಯ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲೂ ಅದೇ ಓಡುತ್ತಿತ್ತು. ಒಂದು ಸುತ್ತು. ಎದುರಿಗೆ ಸಾಲುಸಾಲು ಮೊಗ್ಗು.

ಅತ್ತೆ ಬುಟ್ಟಿ ಕೆಳಗಿಟ್ಟರು.

"ನನ್ ಅಪ್ಪಯ್ಯನೂ ಒಂದ್ ಸುತ್ತ್ ಅಂದೇಳಿಯೇ ಹೋದದ್. ಸಾಯೂ ತನಕ ಸುತ್ತ್ ಮುಗೀಲಿಲ್ಲೆ. ಮಳೆ ಬಂದ್ರೂ ಡೋಲ್, ಜ್ವರ ಬಂದ್ರೂ ಡೋಲ್. ಅಬ್ಬಿಗೆ ಎಂತ ತಿನ್ಸಿದ್ರ್ ಗೊತ್ತಿತ್ತಾ? ಯಾರದ್ದೋ ಉಗ್ರ್, ಯಾರದ್ದೋ ಕೂದ್ಲ್ ಕಲ್ಸದ್ ಅನ್ನ. ಅವ್ರ್ ದೋಷ ನಮ್ ಹೊಟ್ಟಿಗೆ ಹೋಯ್ಕ್ ಅಂಬ್ರ್. ನಾನೂ ತಿಂದಿದೆ. ಸಣ್ಣಳಾಗಿದ್ದೆ, ಹಸಿವ್ ಆಯ್ತಿತ್ತ್." ಪಾಂಡುವಿನ ಕಡೆ ತಿರುಗಿದರು. "ನಿಂಗ್ ಡೋಲ್ ಬತ್ತಿಲ್ಲೆ ಅಲ್ದಾ? ನಾನೇ ಕಲ್ಸಲಿಲ್ಲೆ. ಗೊತ್ತಿದ್ದೇ ಕಲ್ಸಲಿಲ್ಲೆ."

ಪಾಂಡು ಎದ್ದು ಡೋಲನ್ನು ಗಿಡಗಳಿಂದ ದೂರ ಸರಿಸಿಟ್ಟ.

ಬೆಳಿಗ್ಗೆ ಡೋಲನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಭಾರ ಇತ್ತು, ಹಗ್ಗ ಕುತ್ತಿಗೆ ಕೊರೆಯುತ್ತಿತ್ತು. ಗದ್ದೆಯ ಅಂಚಿನಲ್ಲಿ ನಡೆದು ಹೆಗ್ಡೆಯವರ ಮನೆಯಂಗಳ ದಾಟಿದೆ. ಮೆಟ್ಟಿಲು ಹತ್ತಿದೆ. ಜಗಲಿಗೆ ಕಾಲಿಟ್ಟೆ. ಕೆಂಪು ನೆಲ, ತಣ್ಣಗೆ ಇತ್ತು. ನನ್ನ ಕಾಲಿಗೆ ಗದ್ದೆಯ ಮಣ್ಣು ಮೆತ್ತಿತ್ತು, ಒರೆಸಿಕೊಳ್ಳಲಿಲ್ಲ. ಕಂಬದ ಪಕ್ಕ ಡೋಲು ಇಟ್ಟೆ. ಅದರ ಮೇಲೆ ಆ ಪಂಚೆ ಇಟ್ಟೆ. ಚಂದ್ರಮತಿ ಅಮ್ಮ ಹೂಬತ್ತಿ ಮಾಡುತ್ತಿದ್ದವರು ಬಾಯಿ ತೆರೆದು ಕೂತರು.

"ನೀ ಎಲ್ಲಿಗೆ ಹತ್ತಿದ್ದ್ ಹೆಣೇ?"

"ಡೋಲ್ ಕೊಡೂಕೆ ಬಂದದ್ ಅಮ್ಮ. ನಮ್ಗೆ ಬ್ಯಾಡ. ಬೇಕಾದವ್ರ್ ಹೊಡೀಲಿ," ಎಂದು ಇಳಿದು ಬಂದೆ. ಕೆಂಪು ನೆಲದ ಮೇಲೆ ನನ್ನ ಹೆಜ್ಜೆ ಉಳಿಯಿತು.

ಆಮೇಲೆ ನಾವು ಕಂಬಳಕ್ಕೆ ಹೋದೆವು. ಎಲ್ಲರೂ ಹೋಗುವ ಹಾಗೆ, ನೋಡಲು. ನಾನು ಮದುವೆಯ ಸೀರೆ ಉಟ್ಟೆ. ಪಾಂಡು ಇಸ್ತ್ರಿ ಅಂಗಿ ಹಾಕಿ ಕೂಲಿಂಗ್ ಗ್ಲಾಸ್ ಏರಿಸಿದ. ಅತ್ತೆಗೆ ಐಸ್‌ಕ್ಯಾಂಡಿ ಕೊಡಿಸಿದೆವು. ಹಿಂದೆ ನಿಲ್ಲಲಿಲ್ಲ. ಜನರನ್ನು ಸರಿಸಿ ಗದ್ದೆಯ ದಂಡೆಯಲ್ಲೇ ಹೋಗಿ ನಿಂತೆವು. ಜನ ಸರಿದರು. ಕೆಲವರು ಬೇಕಾದ್ದಕ್ಕಿಂತ ಜಾಸ್ತಿಯೇ ಸರಿದರು, ನಮಗೆ ಒಳ್ಳೆಯ ಜಾಗ ಸಿಕ್ಕಿತು.

ಹೆಗ್ಡೆಯವರ ಕೋಣಗಳು ಸಿಂಗರಿಸಿಕೊಂಡು ನಿಂತಿದ್ದವು. ಮೈಕಿನಲ್ಲಿ ಕರೆದರು. "ಡೋಲಿನ ಪಾಂಡು ಎಲ್ಲಿದ್ರೂ ಬೇಗ ಬರ್ಕ್. ಮೂರ್ತ ಮೀರ್ತಾ ಇತ್ತ್."

"ಹ್ವಾಯ್, ಇಲ್ಲಿದ್ದೆ," ಎಂದು ಪಾಂಡು ಕೈ ಎತ್ತಿದ. "ಆದ್ರೆ ನಾ ಡೋಲಿನವ ಅಲ್ಲ. ಕಂಬ್ಳ ಕಾಂಬುಕೆ ಬಂದದ್."

ಯಾರೋ ಕಿಸಕ್ಕೆಂದರು. ಹೆಗ್ಡೆಯವರ ಮುಖ ಕೆಂಪಾಯಿತು. ಅಷ್ಟರಲ್ಲಿ ಆಳು ಜಗಲಿಯಿಂದ ಡೋಲು ತಂದಿಟ್ಟಿದ್ದ. ನಾವು ಮುಟ್ಟಿದ ಡೋಲಲ್ಲವೇ, ಇಟ್ಟವನು ಕೈ ತೊಳೆಯಲು ಹೋದ. ಹೆಗ್ಡೆಯವರು ಒಬ್ಬೊಬ್ಬರನ್ನೇ ಕರೆದರು. ತಂಗಿಯ ಗಂಡ ಮೊಬೈಲು ನೋಡತೊಡಗಿದ. ದಾಯಾದಿಗಳು ಆಕಾಶ ನೋಡಿದರು. ನೆರೆಮನೆಯವರಿಗೆ ಇದ್ದಕ್ಕಿದ್ದಂತೆ ಸೊಂಟ ನೋವು ಬಂತು. ಕೊರಗರ ಡೋಲು ಕೊರಳಿಗೆ ಹಾಕಿಕೊಳ್ಳಲು ಯಾರಿದ್ದಾರೆ? ಅದು ಮರ್ಯಾದೆ ಎಂದು ಹಿಂದಿನ ದಿನವಷ್ಟೇ ಕೇಳಿದ್ದೆ. ಮರ್ಯಾದೆ ಗದ್ದೆಯ ದಂಡೆಯಲ್ಲಿ ಬಿದ್ದಿದ್ದರೂ ಎತ್ತಿಕೊಳ್ಳುವವರಿಲ್ಲ.

ಕೊನೆಗೆ ಚಂದ್ರಮತಿ ಅಮ್ಮನೇ ಕೋಲೂರಿಕೊಂಡು ಬಂದರು. ಪ್ರಶ್ನೆಯಲ್ಲಿ ಕೇಳಿದ ಮಾತು ಅವರ ಎದೆಯಲ್ಲಿ ಕೂತಿತ್ತು. ಮಗನ ಎದುರು ನಿಂತು, "ಶೇಖರಾ, ನೀನೇ ಹೊಡಿ," ಎಂದರು.

"ಅಮ್ಮಾ, ನಾನಾ?"

"ಮತ್ಯಾರ್? ಮನೆ ನಿಂದಲ್ದಾ? ದೋಷ ಬಂದ್ರೆ ನಿಂಗೇ ಅಲ್ದಾ? ಹೊಡ್ದ್ ಆದ್ ಮೇಲೆ ಮಿಂದ್ರೆ ಆಯ್ತ್."

ಶೇಖರ ಹೆಗ್ಡೆಯವರು ಡೋಲು ಹಾಕಿಕೊಂಡರು. ಬಿಳಿ ಪಂಚೆ ಎತ್ತಿ ಕಟ್ಟಿ ಗದ್ದೆಯ ಸುತ್ತ ಹೊರಟರು. ಡಬ್. ಡಬ್ ಡಬ್. ಪಾಂಡು ಹೊಡೆದದ್ದಕ್ಕಿಂತಲೂ ಕಡೆಯಾಗಿತ್ತು. ಕೋಣಗಳು ಕಿವಿ ಅಲ್ಲಾಡಿಸಿದವು. ಕೆಸರಿನಲ್ಲಿ ಅವರ ಕಾಲು ಜಾರಿತು, ಡೋಲು ಮೊಣಕಾಲಿಗೆ ಬಡಿಯಿತು. ಹಗ್ಗ ಕುತ್ತಿಗೆ ಕೊರೆಯುತ್ತಿದ್ದದ್ದು ನನಗೆ ದೂರದಿಂದಲೇ ಕಾಣುತ್ತಿತ್ತು. ಊರಿನ ಮೊಬೈಲುಗಳೆಲ್ಲ ಮೇಲೆದ್ದವು. ನಾನು ನಗಲಿಲ್ಲ. ನಗಬೇಕೆಂದೇ ನಿಂತಿದ್ದೆ, ಬರಲಿಲ್ಲ. ಈ ಗದ್ದೆಗೆ ಹೀಗೇ ಸುತ್ತು ಬಂದು ಬಂದು ಸತ್ತವರ ನೆನಪಾಯಿತು. ಅವರನ್ನು ಯಾರೂ ಮೊಬೈಲಿನಲ್ಲಿ ಹಿಡಿದಿರಲಿಲ್ಲ. ಅತ್ತೆ ಮಾತ್ರ ಐಸ್‌ಕ್ಯಾಂಡಿ ಚೀಪುತ್ತಾ, "ಎಡಗೈ ಸರಿ ಇಲ್ಲೆ," ಎಂದರು.

ಮರುದಿನ ಹೆಗ್ಡೆಯವರು ಬಂದರು. ಒಬ್ಬರೇ. ಬೆಣ್ಣೆ ಕರಗಿಹೋಗಿತ್ತು.

"ಕರಾರ್ ಕ್ಯಾನ್ಸಲ್. ನಿಮ್ ಅಡ್ವಾನ್ಸ್ ವಾಪಾಸ್ ಕೊಡ್ತೆ. ಗಿಡ ಕಿತ್ಕಂಡ್ ಇವತ್ತೇ ಜಾಗ ಖಾಲಿ ಮಾಡ್ಕ್."

ಪಾಂಡು ಎದ್ದು ನಿಂತ. ನಾನು ಕೊಡ ಕೆಳಗಿಟ್ಟೆ.

"ಆಯ್ತ್ ಹೆಗ್ಡ್ರೇ. ಬರ್ದ್ ಕೊಡಿ."

"ಎಂತ ಬರೂದ್?"

"ಎಂತಕ್ಕೆ ಕ್ಯಾನ್ಸಲ್ ಅಂದೇಳಿ. ಕರಾರಿಗೆ ಸೈನ್ ಹಾಕದ್ ನೀವೇ ಅಲ್ದಾ? ನಾವ್ ಎಂತ ತಪ್ಪ್ ಮಾಡಿದ್ದೊ ಬರೀರಿ. ಪಾಂಡು ಡೋಲ್ ಹೊಡೀಲಿಲ್ಲೆ, ಅದ್ಕೆ ಜಾಗ ಕೊಡೂದಿಲ್ಲೆ ಅಂದೇಳಿ ಬರೀರಿ. ಕೆಳ್ಗೆ ನಿಮ್ ಹೆಸ್ರ್ ಹಾಕಿ. ನಾಳೆಯೇ ಖಾಲಿ ಮಾಡ್ತೊ."

ಬರೆದರೆ ಆ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಹೆಗ್ಡೆಯವರಿಗೂ ಗೊತ್ತು, ನನಗೂ ಗೊತ್ತು.

"ಬೇರೆ ಎಂತಾರೂ ಕಾರಣ ಬರೀತೆ," ಎಂದರು.

"ಬರೀರಿ. ಎಂತ?"

ಅವರು ಬಾವಿ ನೋಡಿದರು. ಸೇವಂತಿಗೆಯ ಸಾಲು ನೋಡಿದರು. ಅತ್ತೆಯ ಬುಟ್ಟಿ ನೋಡಿದರು. ಎಲ್ಲೂ ಕಾರಣ ಸಿಗಲಿಲ್ಲ. "ಯೋಚ್ನೆ ಮಾಡಿ ಬರೀತೆ," ಎಂದು ತಿರುಗಿ ನಡೆದರು. ಹೋಗುವಾಗ ಕುಂಟುತ್ತಿದ್ದರು.

ರಿಜಿಸ್ಟ್ರಿ ಇನ್ನೂ ಆಗಿಲ್ಲ. ಬಸಳೆ ಕೊಟ್ಟವರು ಈಗ ಮಾತು ಬಿಟ್ಟಿದ್ದಾರೆ. ಬಾಗಿಲು ಕೊಟ್ಟವರು ಬಾಗಿಲು ವಾಪಸು ಕೇಳಿದರು, ಕೊಟ್ಟೆ. ಟಾರ್ಪಾಲು ಇದೆ. ನಾವೂ ಇದ್ದೇವೆ. ಹೆಗ್ಡೆಯವರು ದಿನಾ ಬೆಳಿಗ್ಗೆ ಗದ್ದೆ ನೋಡಲು ಈ ದಾರಿಯಲ್ಲೇ ಬರಬೇಕು, ಬೇರೆ ದಾರಿ ಇಲ್ಲ. ನಾನು ಹೂ ಕೊಯ್ಯುತ್ತಿರುತ್ತೇನೆ. ಅವರು ಮುಖ ಆಚೆ ಮಾಡಿ ದಾಟುತ್ತಾರೆ. ನಾನು ಬೆನ್ನು ನೆಟ್ಟಗೆ ಮಾಡಿ, ಊರಿಗೆಲ್ಲ ಕೇಳುವ ಹಾಗೆ ಕರೆಯುತ್ತೇನೆ.

"ಹ್ವಾಯ್ ಹೆಗ್ಡ್ರೇ, ಬರ್ದ್ ಆಯ್ತಾ?"